ಕಣಿವೆಯಂಚಿನ ನೋಟಗಟ್ಟೆಗಳು: ಗ್ರ್ಯಾಂಡ್ ಕ್ಯಾನ್ಯನ್ನಿನ ವೀಕ್ಷಣಾ ವಾಸ್ತುವಿನ ಒಂದು ಶತಮಾನ

ಬೆಟ್ಟದ ನೆತ್ತಿಯಲ್ಲಿ ಅಥವಾ ಕಮರಿಯ ಅಂಚಿನಲ್ಲಿ ನಿಂತು ಸುತ್ತಣ ಪ್ರಕೃತಿಯನ್ನು ಕಾಣಲೆಂದು ಮನುಷ್ಯನು ಕಟ್ಟಿಕೊಂಡ ಕಟ್ಟೆ, ಅಟ್ಟಣೆ, ಗೋಪುರಗಳು ವಾಸ್ತುಶಿಲ್ಪದ ಇತಿಹಾಸದಲ್ಲಿ ಹೆಚ್ಚಿನ ಗಮನ ಪಡೆದಿಲ್ಲ. ಕೋಟೆಯ ಬತೇರಿ, ಊರಿನ ಹುಡೆ ಮೊದಲಾದವು ಶತ್ರುವಿನ ಬರವನ್ನು ಕಾಯಲು ಹುಟ್ಟಿದವು. ಅವುಗಳ ಪ್ರಯೋಜನ ಸ್ಪಷ್ಟವಾದುದು. ಕೇವಲ ನೋಟಕ್ಕಾಗಿ ಕಟ್ಟಿದ ಕಟ್ಟಡದ ಸಂಗತಿ ಬೇರೆ. ಅದು ಸುತ್ತಲಿನ ಸೊಬಗನ್ನು ತೋರಿಸಬೇಕು; ಆದರೆ ಆ ಸೊಬಗಿಗೆ ತಾನೇ ಅಡ್ಡಿಯಾಗಬಾರದು. ಜನರನ್ನು ಅಂಚಿನವರೆಗೆ ಕರೆದೊಯ್ಯಬೇಕು. ಆದರೆ ಅಂಚನ್ನು ಕೆಡಿಸಬಾರದು. ಇಂತಹ ಕಟ್ಟಡಗಳನ್ನು ಈ ಲೇಖನದಲ್ಲಿ ‘ನೋಟಗಟ್ಟೆ’ ಎಂಬ ಹೆಸರಿನಿಂದ ಕರೆಯಲಾಗಿದೆ.

ಈ ತೊಡಕನ್ನು ಬೇರೆ ಬೇರೆ ಕಾಲದ ವಾಸ್ತುಶಿಲ್ಪಿಗಳು ಹೇಗೆ ಬಿಡಿಸಲು ಯತ್ನಿಸಿದರೆಂಬುದನ್ನು ಒಂದೇ ನೆಲದಲ್ಲಿ, ಒಂದೇ ಶತಮಾನದ ಅವಧಿಯಲ್ಲಿ ಕಾಣಬಹುದಾದ ಸ್ಥಳ ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್. 1905ರಿಂದ 2007ರವರೆಗೆ ಅಲ್ಲಿ ನಿರ್ಮಾಣವಾದ ಪ್ರಮುಖ ವೀಕ್ಷಣಾ ಕಟ್ಟಡಗಳ ವಿನ್ಯಾಸವನ್ನೂ ಆ ವಿನ್ಯಾಸಗಳ ಹಿಂದಿದ್ದ ದೃಷ್ಟಿಯನ್ನೂ ಇಲ್ಲಿ ಪರಿಶೀಲಿಸಲಾಗಿದೆ. ನೋಟಗಟ್ಟೆಯು ನಿಲ್ಲಲು ನೆಲವನ್ನು ಕೊಡುವುದರ ಜೊತೆಗೆ ಕಣ್ಣಿಗೆ ಒಂದು ಅಳತೆಗೋಲನ್ನೂ ಕೊಡುತ್ತದೆ; ಆ ಅಳತೆಗೋಲು ಯಾರದು ಎಂಬುದು ಈ ಕಟ್ಟಡಗಳ ಇತಿಹಾಸದ ಮುಖ್ಯ ಪ್ರಶ್ನೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಅಳತೆಗೆ ಸಿಗದ ಕಣಿವೆ

ಕೊಲರಾಡೊ ನದಿಯು ಎತ್ತರದ ಪ್ರಸ್ಥಭೂಮಿಯನ್ನು ಕೊರೆದು ನಿರ್ಮಿಸಿದ ಈ ಕಣಿವೆಯ ಉದ್ದ ಸುಮಾರು 446 ಕಿಲೋಮೀಟರು. ಅಗಲ ಕೆಲವೆಡೆ 29 ಕಿಲೋಮೀಟರಿನಷ್ಟಿದೆ, ಆಳ 1.6 ಕಿಲೋಮೀಟರನ್ನು ಮೀರುತ್ತದೆ. ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರು ಎತ್ತರದಲ್ಲಿದ್ದರೆ ಉತ್ತರದ ಅಂಚು ಅದಕ್ಕಿಂತ ಸುಮಾರು 300 ಮೀಟರು ಮೇಲಿದೆ. ಮೇಲ್ತುದಿಯ ಕೈಬಾಬ್ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷಗಳಷ್ಟು ಹಳೆಯದು. ತಳದ ಕಪ್ಪು ಶಿಲೆಗಳು ಸುಮಾರು 175 ಕೋಟಿ ವರ್ಷಗಳಷ್ಟು ಹಿಂದಿನವು. ದೇಶ, ಕಾಲ ಎರಡರಲ್ಲಿಯೂ ಮನುಷ್ಯನ ನಿತ್ಯದ ಅಳತೆಗಳು ಇಲ್ಲಿ ಸೋಲುತ್ತವೆ.

ಈ ಸೋಲಿನ ಮೊದಲ ಲಿಖಿತ ದಾಖಲೆ 1540ರದು. ಕೊರೊನಾಡೊವಿನ ದಂಡಯಾತ್ರೆಗೆ ಸೇರಿದ ಗಾರ್ಸಿಯಾ ಲೋಪೆಸ್ ದೆ ಕಾರ್ದೆನಾಸ್ ಎಂಬ ಸ್ಪೇನಿನ ಅಧಿಕಾರಿ ಹೋಪಿ ಜನರ ಮಾರ್ಗದರ್ಶನದಲ್ಲಿ ದಕ್ಷಿಣದ ಅಂಚನ್ನು ತಲುಪಿದನು. ಮೇಲಿನಿಂದ ನೋಡಿದ ಸ್ಪೇನಿಗರಿಗೆ ತಳದ ನದಿಯು ಆರು ಅಡಿ ಅಗಲದ ತೊರೆಯಂತೆ ತೋರಿತು. ಅದು ಬಹು ಅಗಲವಾದ ನದಿಯೆಂದು ಜೊತೆಗಿದ್ದ ಸ್ಥಳೀಯರು ತಿಳಿಸಿದರು. ನದಿಗಿಳಿಯುವ ದಾರಿಗಾಗಿ ಮೂರು ದಿನ ಹುಡುಕಿದ ಮೇಲೆ ಮೂವರು ಸೈನಿಕರು ಇಳಿಯಲು ಹೊರಟು, ಆಳದ ಮೂರನೆಯ ಒಂದು ಭಾಗವನ್ನಷ್ಟೇ ಕ್ರಮಿಸಿ ಹಿಂದಿರುಗಿದರು. ಮೇಲಿನಿಂದ ಆಳುದ್ದವೆಂದು ಕಂಡಿದ್ದ ಬಂಡೆಗಳು ಸೆವಿಲ್ಲಾ ನಗರದ ಮಹಾಗೋಪುರಕ್ಕಿಂತ ಎತ್ತರವಾಗಿದ್ದವೆಂದು ಅವರು ವರದಿ ಮಾಡಿದ್ದನ್ನು ಆ ದಂಡಯಾತ್ರೆಯ ಚರಿತ್ರಕಾರನಾದ ಪೇದ್ರೊ ದೆ ಕಸ್ತನ್ಯೇದ ದಾಖಲಿಸಿದ್ದಾನೆ. ಈ ವೃತ್ತಾಂತದಲ್ಲಿ ಎರಡು ಅಂಶಗಳು ಗಮನಾರ್ಹ. ಅಂಚಿನಲ್ಲಿ ನಿಂತ ಅಪರಿಚಿತನ ಕಣ್ಣು ಕಣಿವೆಯ ಪ್ರಮಾಣವನ್ನು ತಾನಾಗಿ ಅರಿಯಲಾರದು. ಆ ಪ್ರಮಾಣವನ್ನು ಬಲ್ಲವರು ಅಂದೂ ಅಲ್ಲಿಯೇ ಇದ್ದರು.

ಮುಂದಿನ ಮೂರು ಶತಮಾನಗಳ ಕಾಲ ಹೊರಗಿನವರಿಗೆ ಈ ಕಣಿವೆ ಪ್ರಯಾಣಕ್ಕೆ ಎದುರಾದ ತಡೆಯಾಗಿತ್ತು. 1857–58ರಲ್ಲಿ ಇಲ್ಲಿಗೆ ಬಂದ ಸೇನಾಧಿಕಾರಿ ಜೋಸೆಫ್ ಐವ್ಸ್, ಈ ನಿಷ್ಪ್ರಯೋಜಕ ಪ್ರದೇಶಕ್ಕೆ ಬಂದ ಬಿಳಿಯರಲ್ಲಿ ತನ್ನ ತಂಡವೇ ಮೊದಲನೆಯದು, ಬಹುಶಃ ಕೊನೆಯದೂ ಆಗಬಹುದೆಂದು ಭಾವಿಸಿದ್ದನು. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ದೋಣಿಗಳಲ್ಲಿ ನದಿಯುದ್ದಕ್ಕೂ ಸಾಗಿದ ನಂತರ ಪರಿಸ್ಥಿತಿ ಬದಲಾಯಿತು. 1873ರಲ್ಲಿ ಪೊವೆಲ್ಲನೊಂದಿಗೆ ಬಂದ ಚಿತ್ರಕಾರ ಥಾಮಸ್ ಮೊರಾನ್ ರಚಿಸಿದ ಬೃಹತ್ ವರ್ಣಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರುಗಳಿಗೆ ಕೊಂಡಿತು. ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1882ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ವಿಲಿಯಂ ಹೆನ್ರಿ ಹೋಮ್ಸ್ ರಚಿಸಿದ ವಿಶಾಲ ನೋಟಚಿತ್ರಗಳು ಕಣಿವೆಯ ಸ್ತರಗಳನ್ನು ರೇಖೆರೇಖೆಯಾಗಿ ಬಿಡಿಸಿ ತೋರಿಸಿದವು.

ಡಟನ್ನನ ಒಂದು ವಿಚಾರ ಮುಂದಿನ ನೋಟಗಟ್ಟೆಗಳ ಇತಿಹಾಸಕ್ಕೆ ಪೀಠಿಕೆಯಂತಿದೆ. ಆಲ್ಪ್ಸ್ ಪರ್ವತಗಳ ಸೌಂದರ್ಯಕ್ಕೆ ಒಗ್ಗಿದ ಕಣ್ಣಿಗೆ ಈ ಕಣಿವೆ ಮೊದಲ ನೋಟದಲ್ಲಿ ಒಪ್ಪಿತವಾಗಲಾರದು, ಕಾಲ ಮತ್ತು ಅಭ್ಯಾಸಗಳಿಂದ ಮಾತ್ರ ಅದರ ಚೆಲುವು ಅರಿವಿಗೆ ಬರುತ್ತದೆ ಎಂಬುದು ಅವನ ಅಭಿಪ್ರಾಯ. ಪಾಶ್ಚಾತ್ಯ ಸೌಂದರ್ಯಪರಿಭಾಷೆ ಸಾಲದೆಂದು ಕಂಡದ್ದರಿಂದಲೋ ಎಂಬಂತೆ ಅವನು ಕಣಿವೆಯೊಳಗಿನ ಶಿಖರಗಳಿಗೆ ಪೌರಸ್ತ್ಯ ದೇವಾಲಯಗಳ ಹೆಸರುಗಳನ್ನು ಆರಿಸಿಕೊಂಡನು. ವಿಷ್ಣು ದೇವಾಲಯ, ಶಿವ ದೇವಾಲಯ ಎಂಬ ಹೆಸರುಗಳು ಅವನಿಂದ ಬಂದವು. ತಳದ ಪ್ರಾಚೀನ ಶಿಲೆಗೆ ‘ವಿಷ್ಣು ಷಿಸ್ಟ್’ ಎಂಬ ಹೆಸರೇ ಭೂವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿದೆ. ಭಾರತೀಯ ಓದುಗರಿಗೆ ಇದು ಕುತೂಹಲದ ಸಂಗತಿ. ಆದರೆ ಆ ನೆಲದಲ್ಲಿಯೇ ಬಾಳಿದ ಜನರು ಆ ಶಿಖರಗಳನ್ನು ಏನೆಂದು ಕರೆಯುತ್ತಿದ್ದರೆಂಬುದು ನಕ್ಷೆಗಳಿಗೆ ಬರಲಿಲ್ಲವೆಂಬುದೂ ಅಷ್ಟೇ ಮುಖ್ಯ.

ರೈಲುಮಾರ್ಗ ಮತ್ತು ಅಂಚಿನ ಪ್ರಶ್ನೆ

1901ರ ಸೆಪ್ಟೆಂಬರಿನಲ್ಲಿ ವಿಲಿಯಮ್ಸ್ ಪಟ್ಟಣದಿಂದ ದಕ್ಷಿಣದ ಅಂಚಿಗೆ ಮೊದಲ ಪ್ರಯಾಣಿಕ ರೈಲು ಬಂದಿತು. ಅದುವರೆಗೆ ಕುದುರೆಗಾಡಿಗಳಲ್ಲಿ ದಿನವಿಡೀ ಪ್ರಯಾಣ ಮಾಡಬೇಕಾಗಿದ್ದ ಸ್ಥಳ ಕೆಲವು ಗಂಟೆಗಳ ದೂರಕ್ಕೆ ಸರಿಯಿತು. ಜನರು ಬರತೊಡಗಿದೊಡನೆ ಅವರನ್ನು ಎಲ್ಲಿ ಇಳಿಸುವುದು, ಎಲ್ಲಿ ನಿಲ್ಲಿಸುವುದು, ಏನನ್ನು ತೋರಿಸುವುದು ಎಂಬ ಪ್ರಶ್ನೆಗಳು ಎದ್ದವು.

1903ರ ಮೇ 6ರಂದು ಕಣಿವೆಯ ಅಂಚಿನಲ್ಲಿ ಮಾತನಾಡಿದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಈ ತಾಣವನ್ನು ಇದ್ದಂತೆಯೇ ಬಿಡಬೇಕು, ಕಟ್ಟಡಗಳಿಂದ ಇದರ ಗಾಂಭೀರ್ಯವನ್ನು ಕೆಡಿಸಬಾರದು ಎಂದು ಕೋರಿದನು. ಅಂಚಿನ ಮೇಲೆಯೇ ಹೋಟೆಲನ್ನು ಕಟ್ಟದಿರಲು ಸಾಂಟಾ ಫೆ ರೈಲ್ವೆ ಕಂಪನಿ ನಿರ್ಧರಿಸಿದೆಯೆಂದು ಕೇಳಿ ಅದನ್ನು ಮೆಚ್ಚಿಕೊಂಡನು. ಆದರೆ ಎರಡೇ ವರ್ಷಗಳಲ್ಲಿ, 1905ರ ಜನವರಿಯಲ್ಲಿ, ವಾಸ್ತುಶಿಲ್ಪಿ ಚಾರ್ಲ್ಸ್ ವಿಟಲ್ಸಿ ವಿನ್ಯಾಸಗೊಳಿಸಿದ ಎಲ್ ತೊವರ್ ಹೋಟೆಲು ಅಂಚಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಪ್ರಾರಂಭವಾಯಿತು. ಸ್ವಿಟ್ಜರ್ಲೆಂಡಿನ ಬೆಟ್ಟದ ಮನೆಗಳನ್ನೂ ನಾರ್ವೆಯ ಮರದ ವಿಲ್ಲಾಗಳನ್ನೂ ಹೋಲುವ ಈ ಕಟ್ಟಡ ಯೂರೋಪಿನ ಪ್ರವಾಸಿ ಸಂಸ್ಕೃತಿಯನ್ನು ಮರುಭೂಮಿಯ ನೆತ್ತಿಗೆ ತಂದು ನಿಲ್ಲಿಸಿತು. ಹೋಟೆಲಿನ ಗುಣಮಟ್ಟದ ಬಗ್ಗೆ ಎರಡು ಮಾತಿರಲಿಲ್ಲ; ಆದರೆ ಅದರ ಆಕಾರಕ್ಕೂ ಎದುರಿನ ಕಣಿವೆಗೂ ಯಾವ ಸಂಬಂಧವೂ ಇರಲಿಲ್ಲ.

1908ರಲ್ಲಿ ಕಣಿವೆಯು ರಾಷ್ಟ್ರೀಯ ಸ್ಮಾರಕವೆಂದೂ 1919ರ ಫೆಬ್ರವರಿ 26ರಂದು ರಾಷ್ಟ್ರೀಯ ಉದ್ಯಾನವೆಂದೂ ಘೋಷಿತವಾಯಿತು. ಈ ನಡುವೆ, 1916ರಲ್ಲಿ, ರಾಷ್ಟ್ರೀಯ ಉದ್ಯಾನ ಸೇವೆಯನ್ನು ಸ್ಥಾಪಿಸಿದ ಕಾನೂನು ಎರಡು ಕರ್ತವ್ಯಗಳನ್ನು ಒಟ್ಟಿಗೆ ವಿಧಿಸಿತ್ತು. ನಿಸರ್ಗದೃಶ್ಯಗಳನ್ನು ಸಂರಕ್ಷಿಸಬೇಕು; ಅವುಗಳಿಗೆ ಕುಂದು ಬಾರದಂತೆ ಜನರು ಅವುಗಳನ್ನು ಅನುಭವಿಸಲು ಅನುವು ಮಾಡಿಕೊಡಬೇಕು. ಈ ಎರಡು ಕರ್ತವ್ಯಗಳು ಪರಸ್ಪರ ಸಂಧಿಸುವ ಜಾಗದಲ್ಲಿಯೇ ನೋಟಗಟ್ಟೆ ನಿಲ್ಲುತ್ತದೆ.

ಬಂಡೆಯ ಮುಂದುವರಿಕೆಯಾಗಿ ಕಟ್ಟಡ

ಗ್ರ್ಯಾಂಡ್ ಕ್ಯಾನ್ಯನ್ನಿನ ವೀಕ್ಷಣಾ ವಾಸ್ತುವಿಗೆ ತನ್ನದೇ ಆದ ಮಾರ್ಗವನ್ನು ಹಾಕಿಕೊಟ್ಟವರು ಮೇರಿ ಜೇನ್ ಕೋಲ್ಟರ್ (1869–1958). ಪಿಟ್ಸ್‌ಬರ್ಗಿನಲ್ಲಿ ಜನಿಸಿ, ಮಿನ್ನೆಸೋಟದ ಸೇಂಟ್ ಪಾಲ್ ನಗರದಲ್ಲಿ ಬೆಳೆದ ಇವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿನ್ಯಾಸಕಲೆಯನ್ನು ಅಭ್ಯಾಸ ಮಾಡಿ, ಸೇಂಟ್ ಪಾಲಿನಲ್ಲಿ ಶಿಕ್ಷಕಿಯಾಗಿದ್ದರು. ಸಾಂಟಾ ಫೆ ರೈಲುಮಾರ್ಗದ ಹೋಟೆಲುಗಳನ್ನು ನಡೆಸುತ್ತಿದ್ದ ಫ್ರೆಡ್ ಹಾರ್ವೆ ಕಂಪನಿಯ ಕೆಲಸಕ್ಕೆ 1902ರಲ್ಲಿ ಮೊದಲು ನಿಯುಕ್ತರಾಗಿ, 1910ರಿಂದ ಪೂರ್ಣಾವಧಿ ವಿನ್ಯಾಸಕಿಯಾದರು. ಸ್ತ್ರೀಯರು ವಾಸ್ತುಶಿಲ್ಪದ ವೃತ್ತಿಯಲ್ಲಿ ವಿರಳವಾಗಿದ್ದ ಕಾಲದಲ್ಲಿ ಅವರು ಸುಮಾರು ನಾಲ್ಕು ದಶಕಗಳ ಕಾಲ ಈ ಕೆಲಸದಲ್ಲಿ ನಿರತರಾಗಿ 1948ರಲ್ಲಿ ನಿವೃತ್ತರಾದರು.

1905ರಲ್ಲಿ ಎಲ್ ತೊವರ್ ಹೋಟೆಲಿನ ಎದುರಿಗೆ ಅವರು ರೂಪಿಸಿದ ಹೋಪಿ ಹೌಸ್, ಹೋಪಿ ಜನರ ಕಲ್ಲಿನ ಮನೆಗಳ ಮಾದರಿಯಲ್ಲಿದ್ದ ಕರಕುಶಲ ವಸ್ತುಗಳ ಮಾರಾಟಕೇಂದ್ರ. ನೋಟಕ್ಕಾಗಿಯೇ ಅವರು ರೂಪಿಸಿದ ಮೊದಲ ಕಟ್ಟಡಗಳೆಂದರೆ 1914ರ ಲುಕೌಟ್ ಸ್ಟುಡಿಯೊ ಮತ್ತು ಹರ್ಮಿಟ್ಸ್ ರೆಸ್ಟ್. ಲುಕೌಟ್ ಸ್ಟುಡಿಯೊದ ಹುಟ್ಟಿಗೆ ವ್ಯಾಪಾರದ ಸ್ಪರ್ಧೆಯೂ ಕಾರಣವಾಗಿತ್ತು. ಹತ್ತಿರದಲ್ಲಿಯೇ ಕೋಲ್ಬ್ ಸಹೋದರರು 1904ರಿಂದ ನಡೆಸುತ್ತಿದ್ದ ಛಾಯಾಚಿತ್ರ ಮಂದಿರಕ್ಕೆ ಪ್ರತಿಯಾಗಿ ರೈಲ್ವೆ ಕಂಪನಿ ಇದನ್ನು ಕಟ್ಟಿಸಿತು. ಆದರೆ ಕೋಲ್ಟರ್ ಅವರ ವಿನ್ಯಾಸ ಈ ಉದ್ದೇಶವನ್ನು ಬಹಳ ದೂರ ಮೀರಿತು.

ಈ ಕಟ್ಟಡ ಕಣಿವೆಯ ಅಂಚಿನ ಮೇಲೆಯೇ ಕುಳಿತಿದೆ. ಅಂಚಿನದೇ ಆದ ಕೈಬಾಬ್ ಸುಣ್ಣಕಲ್ಲನ್ನು ಒರಟೊರಟಾಗಿಯೇ ಬಳಸಿ ಗೋಡೆಗಳನ್ನು ಎಬ್ಬಿಸಲಾಗಿದೆ. ಚಾವಣಿಯ ಅಂಚು ನೇರವಾಗಿಲ್ಲ. ಬಂಡೆಯ ಸಾಲಿನಂತೆ ಏರಿಳಿಯುತ್ತದೆ. ಕೈಪಿಡಿಗೋಡೆಗಳ ಮೇಲಂಚೂ ಹಾಗೆಯೇ ಮುರಿದಂತಿದೆ. ದೂರದಿಂದ ನೋಡುವವರಿಗೆ ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಪ್ರಾರಂಭವಾಯಿತೆಂದು ತಿಳಿಯುವುದು ಕಷ್ಟ. ಒಳಗಿನಿಂದ ಕಿರಿದಾದ ಮೆಟ್ಟಿಲುಗಳ ಮೂಲಕ ಹೊರಬಂದರೆ, ಕಣಿವೆಯ ಕಡೆಗೆ ಚಾಚಿದ ತಾರಸಿಗಳು ಹಂತಹಂತವಾಗಿ ಇಳಿಯುತ್ತವೆ. ಅಲ್ಲಿ ಪ್ರವಾಸಿಗರಿಗಾಗಿ ದೂರದರ್ಶಕಗಳನ್ನು ಇರಿಸಲಾಗಿತ್ತು.

ಅಂಚಿನ ಪಶ್ಚಿಮ ದಿಕ್ಕಿನ ಹರ್ಮಿಟ್ಸ್ ರೆಸ್ಟ್ ಒಬ್ಬ ಬೆಟ್ಟವಾಸಿಯು ತನ್ನ ಕೈಯಿಂದಲೇ ಕಟ್ಟಿಕೊಂಡಿರಬಹುದಾದ ಕಲ್ಲುಗೂಡಿನಂತಿದೆ. ಅದರ ವಿಶಾಲವಾದ ಒಲೆಗೂಡಿನ ಕಲ್ಲುಗಳಿಗೆ ಬೇಕೆಂದೇ ಹೊಗೆಮಸಿ ಹಿಡಿಸಲಾಯಿತು. ಹೊಸ ಕಟ್ಟಡ ಹಳೆಯದಾಗಿ ಕಾಣುತ್ತಿದೆಯೆಂದು ರೈಲ್ವೆಯವರು ಹಾಸ್ಯ ಮಾಡಿದಾಗ, ಹಾಗೆ ಕಾಣಿಸಲು ತಗುಲಿದ ಖರ್ಚು ಎಷ್ಟೆಂದು ನಿಮಗೆ ತಿಳಿಯದೆಂದು ಕೋಲ್ಟರ್ ನಕ್ಕರೆಂಬ ಪ್ರತೀತಿಯಿದೆ. ಈ ಎರಡು ಕಟ್ಟಡಗಳಲ್ಲಿಯೂ ಅಂಚಿನ ಪ್ರಶ್ನೆಗೆ ಸಿಕ್ಕಿದ ಉತ್ತರ ಒಂದೇ: ಕಟ್ಟಡ ನೆಲದ ಕಲ್ಲಿನಲ್ಲಿ ಕರಗಬೇಕು. ಆದರೆ ಕರಗಿದ ಕಟ್ಟಡವೂ ಒಂದು ಕಟ್ಟಡವೇ. ಬಂಡೆಯೆಂಬ ಭ್ರಮೆಯನ್ನು ಹುಟ್ಟಿಸಲು ಬಂಡೆಯ ಮೇಲೆಯೇ ಅಡಿಪಾಯ ಹಾಕಬೇಕಾಯಿತೆಂಬ ವೈರುಧ್ಯ ಈ ಮಾರ್ಗದಲ್ಲಿ ಉಳಿದೇ ಇದೆ.

ಯಾವಪೈ: ಕಲಿಸುವ ಕಟ್ಟೆ

1928ರಲ್ಲಿ ಪೂರ್ಣಗೊಂಡ ಯಾವಪೈ ವೀಕ್ಷಣಾಲಯದ ಮೂಲ ಪ್ರೇರಣೆ ವಿಜ್ಞಾನದ್ದು. ಕಾರ್ನೆಗಿ ಸಂಸ್ಥೆಯ ಅಧ್ಯಕ್ಷರಾಗಿದ್ದ ಜಾನ್ ಸಿ. ಮೆರಿಯಂ ಮತ್ತು ಇತರ ವಿದ್ವಾಂಸರು ಅಂಚಿನ ಹಲವು ತಾಣಗಳನ್ನು ಪರಿಶೀಲಿಸಿ, ಕಣಿವೆಯ ಶಿಲಾಸ್ತರಗಳು ಅತ್ಯಂತ ಸ್ಪಷ್ಟವಾಗಿ ಕಾಣುವ ಸ್ಥಳವನ್ನು ಆರಿಸಿದರು. ನೋಟದ ಸೊಗಸಿಗಿಂತ ನೋಟದ ಬೋಧಕ ಶಕ್ತಿಯೇ ಇಲ್ಲಿ ಸ್ಥಳನಿರ್ಣಯದ ಆಧಾರವಾಯಿತೆಂಬುದು ಗಮನಾರ್ಹ. ವಾಸ್ತುಶಿಲ್ಪಿ ಹರ್ಬರ್ಟ್ ಮೇಯರ್ ಸ್ಥಳೀಯ ಸುಣ್ಣಕಲ್ಲು ಮತ್ತು ಪೈನ್ ಮರದ ತೊಲೆಗಳಿಂದ ಚಪ್ಪಟೆ ಚಾವಣಿಯ, ತಗ್ಗಾದ ಕಟ್ಟಡವನ್ನು ರೂಪಿಸಿದರು. ಅದು ಅಂಚಿನ ಪೊದೆಗಳ ಎತ್ತರವನ್ನು ಹೆಚ್ಚಾಗಿ ಮೀರದೆ ನೆಲಕ್ಕೆ ಒರಗಿದಂತಿದೆ.

ಕಟ್ಟಡದ ಕಣಿವೆಯ ಕಡೆಯ ಭಾಗವೇ ಅದರ ಜೀವ. ಅಲ್ಲಿನ ಕೈಪಿಡಿಗೋಡೆಯ ಮೇಲೆ ದೂರದರ್ಶಕಗಳನ್ನು ನಿರ್ದಿಷ್ಟ ದಿಕ್ಕುಗಳಿಗೆ ಸ್ಥಿರಪಡಿಸಲಾಯಿತು. ನೋಡುಗನು ತನಗೆ ಬೇಕಾದುದನ್ನು ನೋಡುವ ಬದಲು, ಒಂದೊಂದಾಗಿ ತೋರಿಸಿದ ಸ್ತರಗಳನ್ನು, ಶಿಖರಗಳನ್ನು, ನದಿಯ ತಿರುವನ್ನು ಕ್ರಮವಾಗಿ ನೋಡುತ್ತಾನೆ. ಪಕ್ಕದ ಪ್ರದರ್ಶನದಲ್ಲಿ ಅದೇ ಶಿಲೆಯ ತುಣುಕನ್ನು ಕಾಣುತ್ತಾನೆ. ಡಟನ್ ಅಪೇಕ್ಷಿಸಿದ್ದ ದೀರ್ಘ ಅಭ್ಯಾಸವನ್ನು ಅರ್ಧ ಗಂಟೆಗೆ ಇಳಿಸುವ ಪ್ರಯತ್ನವಿದು. ಕಣ್ಣಿಗೆ ಇಲ್ಲಿ ಒದಗಿದ ಅಳತೆಗೋಲು ಭೂವೈಜ್ಞಾನಿಕ ಕಾಲ. ಈ ಕಟ್ಟಡ ಭೂವಿಜ್ಞಾನ ವಸ್ತುಸಂಗ್ರಹಾಲಯವಾಗಿ 2007ರಲ್ಲಿ ಪುನರಾರಂಭಗೊಂಡಿತು.

ಅದೇ 1928ರಲ್ಲಿ ಉತ್ತರದ ಅಂಚಿನಲ್ಲಿ ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ವಿನ್ಯಾಸದ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸಿದ್ಧವಾಯಿತು. ಕಾಡಿನ ಕಡೆಯಿಂದ ಬರುವ ಅತಿಥಿಗೆ ಕಟ್ಟಡವೇ ಕಣಿವೆಯನ್ನು ಮರೆಮಾಡುತ್ತಿತ್ತು. ಒಳಹೊಕ್ಕು ಕೆಲವು ಮೆಟ್ಟಿಲಿಳಿದಾಗ ದೊಡ್ಡ ಗಾಜಿನ ಕಿಟಕಿಗಳ ಆಚೆ ಕಣಿವೆ ಒಮ್ಮೆಲೆ ತೆರೆದುಕೊಳ್ಳುತ್ತಿತ್ತು. 1932ರಲ್ಲಿ ಬೆಂಕಿಗೆ ತುತ್ತಾಗಿ, 1937ರ ವೇಳೆಗೆ ಮತ್ತೆ ಎದ್ದು ನಿಂತಿದ್ದ ಈ ಕಟ್ಟಡ 2025ರ ಜುಲೈನಲ್ಲಿ ಕಾಳ್ಗಿಚ್ಚಿನಿಂದ ನಾಶವಾಯಿತು. ನಿಸರ್ಗದ ನಡುವಣ ಕಟ್ಟಡ ನಿಸರ್ಗದ ಗತಿಗೂ ಒಳಪಟ್ಟಿರುತ್ತದೆಂಬುದಕ್ಕೆ ಇದು ನಿದರ್ಶನ.

ಡೆಸರ್ಟ್ ವ್ಯೂ ಗೋಪುರ

ಈ ಎಲ್ಲ ಪ್ರಯತ್ನಗಳಲ್ಲಿ ಅತ್ಯಂತ ಸಂಕೀರ್ಣವಾದುದು 1932ರಲ್ಲಿ ಪೂರ್ಣಗೊಂಡ ಡೆಸರ್ಟ್ ವ್ಯೂ ಕಾವಲುಗೋಪುರ. ದಕ್ಷಿಣದ ಅಂಚಿನ ಪೂರ್ವ ತುದಿಯಲ್ಲಿರುವ ಈ ತಾಣದಿಂದ ಕಣಿವೆ, ನದಿಯ ತಿರುವು, ಬಣ್ಣದ ಮರುಭೂಮಿಯ ವಿಸ್ತಾರಗಳು ಒಟ್ಟಿಗೆ ಕಾಣುತ್ತವೆ. ಈ ವಿಶಾಲ ನೋಟವನ್ನು ಪೂರ್ಣವಾಗಿ ಒದಗಿಸಬೇಕಾದರೆ ಎತ್ತರ ಬೇಕು. ಎತ್ತರದ ಆಧುನಿಕ ಕಟ್ಟಡ ನೆಲದ ಸ್ವಭಾವಕ್ಕೆ ಒಗ್ಗುವುದಿಲ್ಲ. ಈ ಇಕ್ಕಟ್ಟನ್ನು ಕೋಲ್ಟರ್ ಅವರೇ ಸ್ಪಷ್ಟವಾಗಿ ಗುರುತಿಸಿದ್ದರು. ಆ ಪ್ರದೇಶದ ಪ್ರಾಚೀನ ಪ್ಯೂಬ್ಲೊ ಜನರು ಕಟ್ಟಿದ್ದ ಕಲ್ಲಿನ ಗೋಪುರಗಳಲ್ಲಿ ಅವರಿಗೆ ಪರಿಹಾರ ಕಂಡಿತು.

ವಿನ್ಯಾಸದ ಪೂರ್ವಸಿದ್ಧತೆ ಇಲ್ಲಿ ವಿಶೇಷ ಉಲ್ಲೇಖಕ್ಕೆ ಅರ್ಹವಾಗಿದೆ. ಮೇಸಾ ವೆರ್ಡೆ, ಹೋವನ್‌ವೀಪ್ ಮೊದಲಾದ ಸ್ಥಳಗಳ ಪಾಳುಗೋಪುರಗಳನ್ನು ಕೋಲ್ಟರ್ ಅಧ್ಯಯನ ಮಾಡಿದರು. ದುರ್ಗಮವಾದ ಪಾಳುಗಳನ್ನು ಗುರುತಿಸಲು ಸಣ್ಣ ವಿಮಾನವನ್ನೂ ಬಳಸಿದರು. ಸುತ್ತಣ ನೆಲದ ಏರಿಳಿತಗಳನ್ನೂ ಒಳಗೊಂಡ ಮಾದರಿಯನ್ನು ಸಿದ್ಧಪಡಿಸಿದರು. ಗೋಪುರದ ಉದ್ದೇಶಿತ ಎತ್ತರದ ಮರದ ಅಟ್ಟಣೆಯನ್ನು ಸ್ಥಳದಲ್ಲಿಯೇ ನಿಲ್ಲಿಸಿ, ಆ ಎತ್ತರದಿಂದ ಕಾಣುವ ನೋಟವನ್ನು ಪರೀಕ್ಷಿಸಿದರು. ಕಾಗದದ ಮೇಲಿನ ರೇಖೆಯನ್ನು ನಂಬದೆ ನೆಲದಲ್ಲಿ ನಿಂತ ಕಣ್ಣನ್ನು ನಂಬಿದ ಈ ವಿಧಾನ ವೀಕ್ಷಣಾ ವಾಸ್ತುವಿನ ಇತಿಹಾಸದಲ್ಲಿ ಮಹತ್ವದ್ದು.

ಗೋಪುರದ ಎತ್ತರ 70 ಅಡಿ. ಅದರ ಒಳಗಿನ ಉಕ್ಕಿನ ಚೌಕಟ್ಟನ್ನು ರೈಲ್ವೆಯ ಎಂಜಿನಿಯರುಗಳು ರೂಪಿಸಿದರು, ಬುನಾದಿ ಕಾಂಕ್ರೀಟಿನದು. ಹೊರಗಿನ ಕಲ್ಲುಗಳನ್ನು ಸುತ್ತಮುತ್ತಲಿಂದ ಆರಿಸಿ ತರಲಾಯಿತು. ಉಳಿಯ ಗುರುತು ಬೀಳದಂತೆ, ಗಾಳಿ ಮಳೆಗೆ ಸವೆದ ಮೈ ಹೊರಗೆ ಬರುವಂತೆ ಅವುಗಳನ್ನು ಇರಿಸಲಾಯಿತು. ಗೋಡೆಯಲ್ಲಿ ಬಿರುಕಿನಂತಹ ರೇಖೆಯನ್ನು ಉದ್ದೇಶಪೂರ್ವಕವಾಗಿ ಬಿಡಲಾಯಿತು. ಪಕ್ಕದಲ್ಲಿ ಪಾಳುಗೋಡೆಯೊಂದನ್ನೂ ಕಟ್ಟಲಾಯಿತು. ಇದು ಯಾವುದೇ ಒಂದು ಪ್ರಾಚೀನ ಗೋಪುರದ ನಕಲಲ್ಲವೆಂದು ಕೋಲ್ಟರ್ 1933ರಲ್ಲಿ ಚಾಲಕರಿಗೆ ಮತ್ತು ಮಾರ್ಗದರ್ಶಿಗಳಿಗೆಂದು ಬರೆದ ಕೈಪಿಡಿಯಲ್ಲಿ ವಿವರಿಸಿದ್ದಾರೆ. ಪ್ರವಾಸಿಗರಿಗೆ ಸುಳ್ಳು ಹೇಳದಿರಲು ಕಟ್ಟಡದೊಂದಿಗೆ ಕೈಪಿಡಿಯನ್ನೂ ರಚಿಸಿದ ವಾಸ್ತುಶಿಲ್ಪಿಗಳು ವಿರಳ.

ಒಳಾಂಗಣದಲ್ಲಿ ನೋಟವನ್ನು ನಿಯಂತ್ರಿಸಿದ ಬಗೆಯೂ ಪರಿಶೀಲನಾರ್ಹ. ನೆಲಮಟ್ಟದ ವಿಶಾಲ ಕೊಠಡಿ ಪ್ಯೂಬ್ಲೊ ಜನರ ಆಚರಣೆಗಳ ಭೂಗರ್ಭ ಮಂಟಪವಾದ ‘ಕಿವಾ’ವನ್ನು ನೆನಪಿಸುವ ದುಂಡು ಕೊಠಡಿ. ಅದರ ಚಾವಣಿಗೆ ಹಿಂದಿನ ಗ್ರ್ಯಾಂಡ್‌ವ್ಯೂ ಹೋಟೆಲಿನ ಮರದ ದಿಮ್ಮಿಗಳು ಬಳಕೆಯಾದವು. ಒಲೆಗೂಡಿನ ಮೇಲೆ ಹೊಗೆಕೊಳವಿ ಇರಬೇಕಾದ ಜಾಗದಲ್ಲಿ ಕಿಟಕಿಯಿದೆ. ಹೊಗೆಯ ದಾರಿಯನ್ನು ಪಕ್ಕಕ್ಕೆ ತಿರುಗಿಸಲಾಗಿದೆ. ಬೆಂಕಿಯನ್ನು ನೋಡುವ ಕಣ್ಣು ಹಾಗೆಯೇ ಕಣಿವೆಗೆ ಸಾಗುತ್ತದೆ. ಮೇಲಿನ ಅಂತಸ್ತುಗಳ ಕಿಟಕಿಗಳು ಚಿಕ್ಕವು. ತಾರಸಿಯಲ್ಲಿ ಕಪ್ಪುಗಾಜಿನ ಪ್ರತಿಫಲನ ಪೆಟ್ಟಿಗೆಗಳನ್ನು ಇರಿಸಲಾಯಿತು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ನಿಸರ್ಗಪ್ರಿಯರು ಬಳಸುತ್ತಿದ್ದ ಕಪ್ಪುಕನ್ನಡಿಯ ವಂಶಕ್ಕೆ ಸೇರಿದ ಈ ಸಾಧನ, ಬಿಸಿಲಿನ ಪ್ರಖರತೆಯನ್ನು ತಗ್ಗಿಸಿ ಕಣಿವೆಯ ಒಂದು ತುಣುಕನ್ನು ಚೌಕಟ್ಟಿನೊಳಗೆ ಹಿಡಿದು ತೋರಿಸುತ್ತದೆ. ಅಪಾರವಾದುದನ್ನು ಅಖಂಡವಾಗಿ ತೋರಿಸಿದರೆ ಕಣ್ಣು ಸೋಲುತ್ತದೆ. ತುಂಡುತುಂಡಾಗಿ ತೋರಿಸಿದರೆ ಗ್ರಹಿಸುತ್ತದೆ ಎಂಬುದು ಇದರ ತತ್ತ್ವ.

ಮೊದಲ ಅಂತಸ್ತಿನ ಗೋಡೆಗಳ ಮೇಲೆ ಹೋಪಿ ಕಲಾವಿದ ಫ್ರೆಡ್ ಕಬೋಟಿ ರಚಿಸಿದ ಭಿತ್ತಿಚಿತ್ರಗಳಿವೆ. ಅವುಗಳಲ್ಲಿ ಮುಖ್ಯವಾದುದು ಹೋಪಿಗಳ ಸರ್ಪಕಥೆಯ ಚಿತ್ರಣ. ಕೊಲರಾಡೊ ನದಿಯಲ್ಲಿ ಮೊದಲು ತೇಲಿ ಸಾಗಿದ ಮನುಷ್ಯನ ಕಥೆ ಇದು. ಪೊವೆಲ್ಲನ 1869ರ ಯಾನವನ್ನೇ ಮೊದಲ ಯಾನವೆಂದು ಬಗೆಯುವ ಪ್ರವಾಸಿಗೆ ಈ ಗೋಡೆ ಬೇರೊಂದು ಇತಿಹಾಸವನ್ನು ಹೇಳುತ್ತದೆ. ಮೇಲಿನ ಅಂತಸ್ತುಗಳಲ್ಲಿ ಪ್ರಾಚೀನ ಶಿಲಾಚಿತ್ರಗಳ ಪ್ರತಿಗಳನ್ನು ಫ್ರೆಡ್ ಗಿಯರಿ ಚಿತ್ರಿಸಿದರು. 1933ರ ಮೇ 13ರಂದು ನಡೆದ ಸಮರ್ಪಣ ಸಮಾರಂಭದಲ್ಲಿ ಹೋಪಿ ಜನರು ಭಾಗವಹಿಸಿದರು. ಯಾವಪೈಯ ಅಳತೆಗೋಲು ಶಿಲೆಗಳ ಕಾಲವಾದರೆ, ಇಲ್ಲಿನ ಅಳತೆಗೋಲು ಒಂದು ಜನಾಂಗದ ನೆನಪು.

ಅಂಚಿನಲ್ಲಿದ್ದ ಜನರು

ಆದರೆ ಆ ನೆನಪನ್ನು ಗೋಡೆಯ ಮೇಲೆ ಬರೆಸಿದ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಬದಿಗಿರಿಸಲಾಗದು. ಗೋಪುರವನ್ನು ಕಟ್ಟಿಸಿದುದು ರೈಲ್ವೆ ಮತ್ತು ಹೋಟೆಲು ಕಂಪನಿಗಳು. ಅದರ ನೆಲಮಟ್ಟದಲ್ಲಿ ಮಾರಾಟಮಳಿಗೆ ನಡೆಯುತ್ತಿತ್ತು. ಹೋಪಿ ಸಂಸ್ಕೃತಿ ಪ್ರವಾಸಿಗರನ್ನು ಸೆಳೆಯುವ ಸರಕೂ ಆಗಿತ್ತು. ಅದೇ ಕಾಲದಲ್ಲಿ ಕಣಿವೆಯ ಇನ್ನೊಂದು ಮೂಲನಿವಾಸಿ ಸಮುದಾಯವಾದ ಹವಾಸುಪೈ ಜನರು ಉದ್ಯಾನದ ಒಳಗಿನ ತಮ್ಮ ಸಾಗುವಳಿ ನೆಲಗಳಿಂದ ಹೊರಗೆ ಹಾಕಲ್ಪಟ್ಟರು. ಅಂಚಿನಿಂದ ಕೆಳಗೆ ಹಸಿರಾಗಿ ಕಾಣುವ, ‘ಇಂಡಿಯನ್ ಗಾರ್ಡನ್’ ಎಂದು ಪ್ರವಾಸಿ ನಕ್ಷೆಗಳಲ್ಲಿ ಹೆಸರಾಗಿದ್ದ ತಾಣದಿಂದ ಆ ಸಮುದಾಯದ ಕೊನೆಯ ನಿವಾಸಿಯನ್ನು 1928ರಲ್ಲಿ, ಎಂದರೆ ಯಾವಪೈ ವೀಕ್ಷಣಾಲಯ ಪೂರ್ಣಗೊಂಡ ವರ್ಷವೇ, ಹೊರಡಿಸಲಾಯಿತು. ನೋಟಗಟ್ಟೆಯಿಂದ ನೋಡುವವರಿಗೆ ಅದು ನಿರ್ಜನ ನಿಸರ್ಗವಾಗಿ ಕಾಣುವುದಕ್ಕೆ ಅಲ್ಲಿದ್ದ ಜನರನ್ನು ತೆರವುಗೊಳಿಸಿದುದೂ ಕಾರಣ. 1975ರ ಕಾನೂನಿನಿಂದ ಹವಾಸುಪೈ ಜನರಿಗೆ ಸುಮಾರು 1,85,000 ಎಕರೆ ನೆಲ ಹಿಂದಿರುಗಿತು. 2022ರಲ್ಲಿ ಆ ತಾಣದ ಹೆಸರನ್ನು ‘ಹವಾಸುಪೈ ಗಾರ್ಡನ್ಸ್’ ಎಂದು ಅಧಿಕೃತವಾಗಿ ಬದಲಾಯಿಸಲಾಯಿತು.

ಕಣಿವೆಯ ಪಶ್ಚಿಮ ಭಾಗದ ಹುಆಲಪೈ ಜನರ ಇತಿಹಾಸ ಬೇರೆ ದಾರಿಯಲ್ಲಿ ಸಾಗಿತು. 1883ರಲ್ಲಿ ರಚಿತವಾದ ಅವರ ಮೀಸಲು ಪ್ರದೇಶ ಸುಮಾರು 10 ಲಕ್ಷ ಎಕರೆಗಳಷ್ಟು ವಿಸ್ತಾರವಾಗಿದ್ದು, ನದಿಯುದ್ದಕ್ಕೆ 108 ಮೈಲಿ ಚಾಚಿದೆ. ಸಾಂಟಾ ಫೆ ರೈಲ್ವೆಯ ಅಂಗಸಂಸ್ಥೆಯೊಂದು ಈ ನೆಲದ ಮೇಲೆ ಹಕ್ಕು ಸಾಧಿಸಿದಾಗ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮೂಲನಿವಾಸಿಗಳ ಭೂಸ್ವಾಮ್ಯಕ್ಕೆ ಒಪ್ಪಂದ ಅಥವಾ ಕಾನೂನಿನ ಲಿಖಿತ ಆಧಾರ ಅನಿವಾರ್ಯವಲ್ಲ, ಅನಾದಿಯಿಂದ ಬಂದ ವಾಸವೇ ಆಧಾರವಾಗಬಲ್ಲದು ಎಂಬ ತತ್ತ್ವವನ್ನು 1941ರ ಡಿಸೆಂಬರಿನ ಆ ತೀರ್ಪು ಎತ್ತಿಹಿಡಿಯಿತು. ಅಂಚಿನ ನೋಟವನ್ನು ಜಗತ್ತಿಗೆ ಪರಿಚಯಿಸಿದ ರೈಲ್ವೆಯೇ ಅಂಚಿನ ನೆಲದ ಪ್ರಶ್ನೆಯಲ್ಲಿ ಎದುರಾಳಿಯಾಗಿತ್ತೆಂಬುದು ಈ ಇತಿಹಾಸದ ಮುಖ್ಯ ಸಂಗತಿಗಳಲ್ಲೊಂದು.

ಗಾಜಿನ ಸೇತು

ಈ ಹಿನ್ನೆಲೆಯಲ್ಲಿಯೇ 2007ರ ಮಾರ್ಚ್ 28ರಂದು ಸಾರ್ವಜನಿಕರಿಗೆ ತೆರೆದ ಸ್ಕೈವಾಕನ್ನು ನೋಡಬೇಕಾಗುತ್ತದೆ. ಹುಆಲಪೈ ನೆಲದಲ್ಲಿ, ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗೆ ನಿರ್ಮಿತವಾದ ಇದು ಕುದುರೆಲಾಳದ ಆಕಾರದ ಉಕ್ಕಿನ ಚಾಚುಸೇತು. ಅಂಚಿನಿಂದ 70 ಅಡಿ ಹೊರಕ್ಕೆ ಯಾವ ಕಂಬದ ಆಸರೆಯೂ ಇಲ್ಲದೆ ಚಾಚಿದೆ. ನಡೆದಾಡುವ ನೆಲ ಪದರಪದರವಾದ ಗಾಜಿನದು. ಜನರ ನಡಿಗೆಯಿಂದಲೂ ಗಾಳಿಯಿಂದಲೂ ಉಂಟಾಗುವ ಕಂಪನವನ್ನು ತಗ್ಗಿಸಲು ತೂಗುಭಾರದ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ದಡದಲ್ಲಿ ಜೋಡಿಸಿದ ಇಡೀ ರಚನೆಯನ್ನು 2007ರ ಮಾರ್ಚ್ ಆರಂಭದಲ್ಲಿ ಇಂಚಿಂಚಾಗಿ ಅಂಚಿನಾಚೆಗೆ ಸರಿಸಿ ಕೂರಿಸಲಾಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸಾಹಸವೇ ಸರಿ. ಗೋಪುರದ ಎತ್ತರವೂ ಈ ಸೇತುವಿನ ಚಾಚೂ 70 ಅಡಿಗಳೇ ಆಗಿರುವುದು ಕಾಕತಾಳೀಯ. ಆದರೆ ಒಂದು ನೋಡುಗನನ್ನು ಮೇಲಕ್ಕೂ ಇನ್ನೊಂದು ಆಚೆಗೂ ಒಯ್ಯುತ್ತದೆ.

ಕೋಲ್ಟರ್ ಪರಂಪರೆಯ ಎಲ್ಲ ನಿಯಮಗಳನ್ನೂ ಈ ಕಟ್ಟಡ ತಿರುವುಮುರುವಾಗಿಸಿತು. ಅದು ಬಂಡೆಯಲ್ಲಿ ಕರಗುವುದಿಲ್ಲ. ಬಂಡೆಯಿಂದ ಹೊರಚಾಚಿ ಎದ್ದು ಕಾಣುತ್ತದೆ. ದೂರದ ವಿಸ್ತಾರಕ್ಕಿಂತ ಕಾಲಡಿಯ ಆಳವೇ ಇಲ್ಲಿನ ಆಕರ್ಷಣೆ. ಸ್ಕೈವಾಕಿನ ಪ್ರಚಾರದಲ್ಲಿ ಹೇಳಲಾದ ನಾಲ್ಕು ಸಾವಿರ ಅಡಿಗಳ ಎತ್ತರ ನದಿಯ ಮಟ್ಟದಿಂದ ಎಣಿಸಿದುದು. ಗಾಜಿನ ಕೆಳಗೆ ನೇರವಾಗಿ ಇರುವುದು ಪಕ್ಕದ ಕಿರುಕಣಿವೆ, ಅಲ್ಲಿನ ಆಳ ಇದಕ್ಕಿಂತ ಬಹಳ ಕಡಿಮೆ. 1540ರಲ್ಲಿ ಕಾರ್ದೆನಾಸನ ಜನರನ್ನು ದಾರಿತಪ್ಪಿಸಿದ ಪ್ರಮಾಣದ ಭ್ರಮೆ ಇಲ್ಲಿ ಬೇರೊಂದು ರೂಪದಲ್ಲಿ ಮರಳಿತೆನ್ನಬಹುದು. ಸ್ಕೈವಾಕ್ ನೋಡುಗನಿಗೆ ಕೊಡುವ ಅಳತೆಗೋಲು ಅವನ ಮೈಯ ನಡುಕ.

ಸಂರಕ್ಷಣಾವಾದಿಗಳು ಇದನ್ನು ಕಣಿವೆಗೆ ಮಾಡಿದ ಅಪಚಾರವೆಂದು ಟೀಕಿಸಿದರು. ಸಮುದಾಯದ ಒಳಗೂ, ಪವಿತ್ರ ನೆಲವನ್ನು ಅಗೆಯಬಾರದೆಂದು ಕೆಲವು ಹಿರಿಯರು ವಿರೋಧಿಸಿದರು. ಆದರೆ ಜೂಜುಕೇಂದ್ರದಿಂದಾಗಲಿ ಕೃಷಿಯಿಂದಾಗಲಿ ಆದಾಯ ಕಾಣದ ಸಮುದಾಯಕ್ಕೆ ಉದ್ಯೋಗದ ಬೇರೆ ದಾರಿಗಳು ಕಡಿಮೆಯಿದ್ದವೆಂಬುದು ಯೋಜನೆಯ ಸಮರ್ಥಕರ ವಾದವಾಗಿತ್ತು. ಹಣ ಹೂಡಿದ್ದ ಉದ್ಯಮಿಯೊಂದಿಗೆ ಉಂಟಾದ ವಿವಾದದಲ್ಲಿ ಸಮುದಾಯದ ಆಡಳಿತವು 2012ರಲ್ಲಿ ನಿರ್ವಹಣೆಯ ಹಕ್ಕನ್ನು ಸ್ವಾಧೀನಪಡಿಸಿಕೊಂಡಿತು. ಒಂದು ಶತಮಾನದ ಕಾಲ ಇತರರ ನೋಟಗಟ್ಟೆಗಳಲ್ಲಿ ಪ್ರದರ್ಶನದ ವಸ್ತುವಾಗಿದ್ದ ಮೂಲನಿವಾಸಿಗಳಲ್ಲಿ ಒಂದು ಸಮುದಾಯ, ತನ್ನ ನೆಲದಲ್ಲಿ ತಾನೇ ನೋಟಗಟ್ಟೆಯ ಒಡೆಯನಾಯಿತು. ವಿನ್ಯಾಸವನ್ನು ಮೆಚ್ಚದವರೂ ಈ ಬದಲಾವಣೆಯ ಐತಿಹಾಸಿಕ ತೂಕವನ್ನು ಅಲ್ಲಗಳೆಯಲಾಗದು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಉತ್ತಮ ನೋಟಗಟ್ಟೆ ಹೆಚ್ಚು ತೋರಿಸುವುದಕ್ಕಿಂತ ಆಯ್ದು ತೋರಿಸುತ್ತದೆ. ಲುಕೌಟ್ ಸ್ಟುಡಿಯೊದ ಹಂತಹಂತದ ತಾರಸಿ, ಯಾವಪೈಯ ಸ್ಥಿರ ದೂರದರ್ಶಕ, ಡೆಸರ್ಟ್ ವ್ಯೂವಿನ ಕಪ್ಪುಗಾಜು, ಉತ್ತರದ ಅಂಚಿನ ಲಾಡ್ಜಿನಲ್ಲಿ ನೋಟವನ್ನು ತಡೆದು ತೆರೆದ ಕ್ರಮ ಇವೆಲ್ಲವೂ ಅಪಾರವನ್ನು ಗ್ರಹಿಸಬಲ್ಲ ಪ್ರಮಾಣಕ್ಕೆ ತರುವ ಉಪಾಯಗಳು. ಎರಡನೆಯದಾಗಿ, ಸ್ಥಳೀಯ ಕಲ್ಲು, ತಗ್ಗಾದ ಆಕಾರ, ನೆಲದ ರೇಖೆಗೆ ಹೊಂದುವ ಮೇಲಂಚು ಎಂಬ ನಿಯಮಗಳು ಆಲ್ಬರ್ಟ್ ಗುಡ್ 1935ರಲ್ಲಿ ಸಂಪಾದಿಸಿದ ಉದ್ಯಾನ ಕಟ್ಟಡಗಳ ಕೈಪಿಡಿಯ ಮೂಲಕ ಅಮೆರಿಕದ ಉದ್ಯಾನಗಳಿಗೆಲ್ಲ ಹರಡಿದವು. ಆದರೆ ಕಟ್ಟಡ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಅದರ ಪರಿಣಾಮ ಮರೆಯಾಗುವುದಿಲ್ಲ. ಅದು ಕರೆತರುವ ಜನ, ಬೇಡುವ ರಸ್ತೆ, ನೀರು, ತೆರವುಗೊಳಿಸುವ ಬದುಕು ಇವೂ ವಿನ್ಯಾಸದ ಭಾಗಗಳೇ.

ಮೂರನೆಯದಾಗಿ, ಎಲ್ಲಿ ಕಟ್ಟಬಾರದೆಂಬ ನಿರ್ಧಾರವೂ ಈ ಇತಿಹಾಸಕ್ಕೆ ಸೇರಿದ್ದು. ಕೊಲರಾಡೊ ಮತ್ತು ಲಿಟ್ಲ್ ಕೊಲರಾಡೊ ನದಿಗಳ ಸಂಗಮಕ್ಕೆ ಅಂಚಿನಿಂದ ತೂಗುತೊಟ್ಟಿಲುಗಳ ಮಾರ್ಗವನ್ನು ನಿರ್ಮಿಸುವ ‘ಎಸ್ಕಲೇಡ್’ ಯೋಜನೆ ನವಾಹೊ ನೆಲದಲ್ಲಿ ಪ್ರಸ್ತಾಪವಾಗಿತ್ತು. ಹೋಪಿಗಳ ಪಾಲಿಗೆ ಆ ಸಂಗಮದ ಪರಿಸರ ಮನುಕುಲ ಈ ಲೋಕಕ್ಕೆ ಬಂದ ದ್ವಾರದ ತಾಣ. 2017ರ ಅಕ್ಟೋಬರ್ 31ರಂದು ನವಾಹೊ ರಾಷ್ಟ್ರದ ಪರಿಷತ್ತು 16–2 ಮತಗಳಿಂದ ಆ ಪ್ರಸ್ತಾಪವನ್ನು ತಿರಸ್ಕರಿಸಿತು. ಡೆಸರ್ಟ್ ವ್ಯೂ ಗೋಪುರದಲ್ಲಿಯೂ ಬದಲಾವಣೆ ಬಂದಿತು. 1987ರಲ್ಲಿ ಕೋಲ್ಟರ್ ಅವರ ಇತರ ಕಟ್ಟಡಗಳೊಂದಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಮನ್ನಣೆ ಪಡೆದಿದ್ದ ಅದರೊಳಗಿನ ಮಾರಾಟಮಳಿಗೆಯನ್ನು 2010ರ ದಶಕದಲ್ಲಿ ತೆರವುಗೊಳಿಸಿ, ಕಬೋಟಿಯವರ ಭಿತ್ತಿಚಿತ್ರಗಳ ಸಂರಕ್ಷಣೆಯನ್ನು ಕೈಗೊಳ್ಳಲಾಯಿತು. ಕಣಿವೆಯೊಂದಿಗೆ ಸಂಬಂಧವುಳ್ಳ ಹನ್ನೊಂದು ಮೂಲನಿವಾಸಿ ಸಮುದಾಯಗಳ ಸಹಭಾಗಿತ್ವದಲ್ಲಿ ಆ ತಾಣವನ್ನು ಅಂತರಸಮುದಾಯ ಸಾಂಸ್ಕೃತಿಕ ಕೇಂದ್ರವಾಗಿ ರೂಪಿಸುವ ಕೆಲಸ ಆರಂಭವಾಯಿತು. ಕಾರ್ದೆನಾಸನಿಗೆ ನದಿಯ ನಿಜವಾದ ಅಗಲವನ್ನು ಹೇಳಿದವರ ವಂಶಜರು ಇಂದು ಅದೇ ಅಂಚಿನಲ್ಲಿ ತಮ್ಮ ಕಸುಬನ್ನೂ ಕಥೆಯನ್ನೂ ಪ್ರವಾಸಿಗರಿಗೆ ತಾವೇ ಪರಿಚಯಿಸುತ್ತಿದ್ದಾರೆ. ನಿಸರ್ಗದ ನಡುವೆ ನೋಟಗಟ್ಟೆಯನ್ನು ಯೋಜಿಸುವ ಯಾವುದೇ ನಾಡಿನ ವಾಸ್ತುಶಿಲ್ಪಿಯು ಕಲ್ಲು, ಎತ್ತರ, ಚಾಚುಗಳ ಲೆಕ್ಕಕ್ಕೆ ಮೊದಲು ಆ ನೆಲವನ್ನು ಬಲ್ಲವರ ಮಾತನ್ನು ಕೇಳಬೇಕಾದುದು ಅಗತ್ಯವೆಂಬುದನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ಈ ಒಂದು ಶತಮಾನದ ಅನುಭವ ಸಾಕ್ಷ್ಯಸಹಿತ ತಿಳಿಸುತ್ತದೆ.